ಹನುಮಣ್ಣನ ಕೊಕ್ಕೆ ದಿಲ್ಲಿಯ ಗಾಜಿನ ಪೆಟ್ಟಿಗೆಯಲ್ಲಿ

ಕೊಟ್ಟೂರು, ಮಾರ್ಚ್ ೨೦೦೧

ಮಾನ್ಯ ಜಿಲ್ಲಾ ಪ್ರಧಾನ ಕಾರ್ಯದರ್ಶಿಗಳೇ,

ನಮ್ಮ ಕೊಟ್ಟೂರಿನ ಮಾರುಕಟ್ಟೆ ಯಾರ್ಡಿನಿಂದ ನೀವು ಸತ್ತವನೊಬ್ಬನ ಕೊಕ್ಕೆಯನ್ನು ಎತ್ತಿಕೊಂಡು ಹೋಗಿದ್ದೀರಿ. ಅದನ್ನು ದಿಲ್ಲಿಗೆ ಒಯ್ದು, ನಿಮ್ಮ ಹಮಾಲರ ಮಹಾಮಂಡಲದ ರಾಷ್ಟ್ರೀಯ ಅಧ್ಯಕ್ಷ ಪದವಿಗೆ ನಿಂತಿರುವ ದೊಡ್ಡವರ ಕೈಗಿಟ್ಟು, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಊರಿನ ಹಮಾಲರು ಒಮ್ಮತದಿಂದ ಸೂಚಿಸಿದ ಬೆಂಬಲ ಇದು ಎಂದು ಸಾರಿದ್ದೀರಿ. ಯಾರೂ ಯಾವ ಬೆಂಬಲವನ್ನೂ ಸೂಚಿಸಿಲ್ಲ. ನೀವು ಅದನ್ನು ಎತ್ತಿಕೊಂಡ ಹೊತ್ತಿಗೆ ಆ ಕೊಕ್ಕೆಯ ಯಜಮಾನ ನಾಲ್ಕು ಜನರ ಹೆಗಲ ಮೇಲೆ ಮಣ್ಣಿಗೆ ಹೋಗುತ್ತಿದ್ದ. ಅದನ್ನು ವಾಪಸು ತಂದುಕೊಡಿ. ಪತ್ರದ ಸಾರಾಂಶ ಇಷ್ಟೇ. ಮುಂದಿನದನ್ನು ಓದುವ ಪುರುಸೊತ್ತು ತಮಗೆ ಇಲ್ಲದಿರಬಹುದು. ಊರವರಿಗೆ ಇದೆ, ಆದ್ದರಿಂದಲೇ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಯಾರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಚೇರಿಯಲ್ಲಿ ಪತ್ರ ಓದುವ ಮೊದಲು ಬರೆದವರ ಸದಸ್ಯತ್ವ ಹುಡುಕುವ ಪದ್ಧತಿ ಇದೆಯಂತೆ. ಹುಡುಕಬೇಡಿ, ಸಿಗುವುದಿಲ್ಲ. ಯಾರ್ಡಿನ ಗೇಟಿನ ಪಕ್ಕ ಮಿರ್ಚಿ ಮಂಡಕ್ಕಿ ಅಂಗಡಿ ಇಟ್ಟುಕೊಂಡಿರುವ ನಾಗರತ್ನ ನಾನು. ನನ್ನಪ್ಪ ಇದೇ ಯಾರ್ಡಿನಲ್ಲಿ ಹಮಾಲಿ ಮಾಡಿದವನು. ನನ್ನ ಸೋದರಮಾವ ಜಂಬಯ್ಯ ಇವತ್ತಿಗೂ ಒಂದು ಗ್ಯಾಂಗಿನ ಹಿರಿಯ. ನ್ಯಾಯವಾಗಿ ಈ ಪತ್ರವನ್ನು ಅವನು ಬರೆಸಬೇಕಿತ್ತು. ಆದರೆ ಮಹಾಮಂಡಲದ ಚುನಾವಣೆ ಮುಗಿಯುವ ತನಕ ತಕರಾರು ಎತ್ತಿದವರೆಲ್ಲ ಕಾರ್ಮಿಕ ದ್ರೋಹಿಗಳು ಎಂದು ನೀವು ಶಾಖೆಗೆ ತಾಕೀತು ಮಾಡಿದ್ದೀರಿ. ದ್ರೋಹಿ ಎನ್ನಿಸಿಕೊಳ್ಳಬೇಕಾದರೂ ಮೊದಲು ಸದಸ್ಯರಾಗಿರಬೇಕಲ್ಲ? ಆ ಭಾಗ್ಯ ನನಗಿಲ್ಲ. ಹೀಗಾಗಿ ಬಾಯಿ ಬಿಡುವ ಕೆಲಸ ನನ್ನ ಪಾಲಿಗೆ ಬಂತು. ಆ ಕೆಲಸದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ ಎಂದು ನನ್ನ ಗಿರಾಕಿಗಳೇ ಹೇಳುತ್ತಾರೆ.

ಕೊಕ್ಕೆ ಎಂದರೆ ಏನು ಎಂಬುದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ನಿಮಗೂ ಗೊತ್ತಿಲ್ಲ ಎಂಬುದು ಈಗ ಖಾತ್ರಿಯಾಗಿದೆ. ಚೀಲಕ್ಕೆ ಚುಚ್ಚಿ ಎಳೆಯುವ ಬಾಗಿದ ಕಬ್ಬಿಣ ಅದು. ಒಂದು ತುದಿ ಚೂಪು, ಇನ್ನೊಂದು ತುದಿಗೆ ಹಿಡಿಕೆ. ಹಮಾಲ ಮನೆಯಿಂದ ಹೊರಡುವಾಗ ಹೆಗಲಿಗೆ ಟವೆಲ್ಲು, ಸೊಂಟಕ್ಕೆ ಕೊಕ್ಕೆ. ಬೇರೆ ಆಸ್ತಿ ಅವನಿಗೆ ಬೇಡ. ನಮ್ಮ ಯಾರ್ಡಿನಲ್ಲಿ ಒಬ್ಬ ಹಮಾಲ ತೀರಿಕೊಂಡರೆ ಅವನ ಟವೆಲ್ಲನ್ನು ಬೇವಿನ ಕಟ್ಟೆಯ ಮೇಲೆ ಹಾಸುತ್ತಾರೆ. ಅದರ ನಡುವೆ ಅವನ ಕೊಕ್ಕೆ, ಪಕ್ಕದಲ್ಲಿ ಒಂದು ದೀಪ. ಗ್ಯಾಂಗಿನ ಪ್ರತಿಯೊಬ್ಬನೂ ತನ್ನ ಕೊಕ್ಕೆಯನ್ನು ತಂದು ಅದರ ಸುತ್ತ ಇಟ್ಟು ಮಣ್ಣಿಗೆ ಹೋಗುತ್ತಾನೆ. ಹೆಣ ಹೊತ್ತ ದಿನ ಚೀಲ ಹೊರುವುದಿಲ್ಲ ಎಂಬುದು ಅದರ ಅರ್ಥ. ಮರಳಿ ಬಂದವರು ತಮ್ಮ ತಮ್ಮ ಕೊಕ್ಕೆ ಎತ್ತಿಕೊಳ್ಳುತ್ತಾರೆ. ಸತ್ತವನದು ಗ್ಯಾಂಗಿನ ಹಿರಿಯನ ಹತ್ತಿರ ಇರುತ್ತದೆ. ದಿನಕರ್ಮ ಮುಗಿದ ಮೇಲೆ ಎಲ್ಲ ಗ್ಯಾಂಗುಗಳನ್ನೂ ಕಟ್ಟೆಗೆ ಕರೆದು, ಮನೆಯವರು ತೋರಿಸಿದ ಒಬ್ಬನ ಕೈಗೆ ಅದನ್ನು ಕೊಡುತ್ತಾರೆ. ಅಲ್ಲಿಂದ ಸತ್ತವನ ಜಾಗ ಅವನದು. ಮನೆಯವರು ಕೊಡುವ ಮೊದಲು ಆ ಕೊಕ್ಕೆಯನ್ನು ಯಾರೂ ಮುಟ್ಟುವುದಿಲ್ಲ. ಎತ್ತಿ ಹಿಡಿದವನು ಆ ಜಾಗಕ್ಕೆ ಬಂದಂತೆಯೇ ಲೆಕ್ಕ, ಅವನ ಪಾಲಿನ ಚೀಲ ಇವನೇ ಹೊರಬೇಕು. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಪತ್ರದ ಕೊನೆಯಲ್ಲಿ ಬೇಕಾಗುತ್ತದೆ.

ಸಂಕ್ರಾಂತಿ ಕಳೆದ ವಾರ ನಮ್ಮ ಹನುಮಣ್ಣ ಕಾಮಾಲೆಯಿಂದ ಹೋದ. ಮಾವನ ಗ್ಯಾಂಗಿನವನು. ಸಿಟ್ಟು ಬಂದರೆ ಲಾರಿ ಡ್ರೈವರನನ್ನೂ ಕೆಳಗಿಳಿಸಿ ಬೈಯುತ್ತಿದ್ದ, ಸಿಟ್ಟು ಇಳಿದ ಮೇಲೆ ಅದೇ ಡ್ರೈವರನಿಗೆ ನನ್ನ ಅಂಗಡಿಯಲ್ಲಿ ಚಹಾ ಕುಡಿಸುತ್ತಿದ್ದ. ಹೆಂಡತಿ ಹಂಪಕ್ಕ ಇದೇ ಯಾರ್ಡಿನಲ್ಲಿ ಕಾಳು ಹಸನು ಮಾಡುತ್ತಾಳೆ. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಶಾಲೆಗೆ ಹೋಗುತ್ತಾರೆ. ಅವತ್ತು ಬೆಳಿಗ್ಗೆ ಹೆಣ ಎತ್ತಿದ ಮೇಲೆ ಯಾರ್ಡು ಬಣಬಣ. ಕಟ್ಟೆಯ ಮೇಲೆ ಕೊಕ್ಕೆಗಳು, ಗೇಟಿನಲ್ಲಿ ನಾನು. ಆಗ ಬಂತು ತಮ್ಮ ಜೀಪು, ಮುಂದೆ ಬಾವುಟ, ಹಿಂದೆ ನಾಯಕರ ಆಳೆತ್ತರದ ಭಾವಚಿತ್ರ. ನೀವು ಇಳಿದು ಕೇಳಿದ ಮೊದಲ ಮಾತು ನನಗೆ ಚೆನ್ನಾಗಿ ನೆನಪಿದೆ.

"ಏನಮ್ಮಾ, ಜನಾನೇ ಇಲ್ಲ? ಮೀಟಿಂಗ್ ಐತಿ ಅಂತ ಹೇಳಿದ್ನಲ್ಲ."

"ಮಣ್ಣಿಗೆ ಹೋಗ್ಯಾರ್ರಿ ಸಾಹೇಬ್ರ. ನಮ್ಮ ಹನುಮಣ್ಣ ತೀರ್ಕೊಂಡ."

"ಅಯ್ಯೋ ಪಾಪ," ಅಂದಿರಿ. ಆಮೇಲೆ ಅದೇ ಉಸಿರಿನಲ್ಲಿ "ಮಿರ್ಚಿ ಬಿಸಿ ಅದಾವೇನು?" ಅಂದಿರಿ. ತಮ್ಮ ಶೋಕಾಚರಣೆ ಅಲ್ಲಿಗೆ ಮುಗಿಯಿತು. ನಾನು ಬಾಣಲೆಯ ಕಡೆ ತಿರುಗಿದೆ. ತಿರುಗಿ ನೋಡುವಷ್ಟರಲ್ಲಿ ಭಾವಚಿತ್ರ ಬೇವಿನ ಬುಡಕ್ಕೆ ಒರಗಿ ನಿಂತಿತ್ತು, ಅದರ ಮುಂದೆ ಕೊಕ್ಕೆಗಳು, ನಿಮ್ಮ ಹುಡುಗರು ಫೋಟೋ ಹೊಡೆಯುತ್ತಿದ್ದರು. ಸತ್ತವನ ದೀಪ ಕಣ್ರೀ ಅದು ಎಂದು ನಾನು ಕೂಗಿದೆ. ನೀವು ಕೈ ಮುಗಿದಿರಿ. ದೀಪಕ್ಕೋ, ನನಗೋ, ಕ್ಯಾಮೆರಾಕ್ಕೋ ತಿಳಿಯಲಿಲ್ಲ. ಮಿರ್ಚಿ ತಿಂದು ಹೊರಟುಹೋದಿರಿ.

ಜನ ಮಣ್ಣು ಕೊಟ್ಟು ಬಂದರು. ಎಲ್ಲರ ಕೊಕ್ಕೆಯೂ ಇತ್ತು, ಹನುಮಣ್ಣನದೊಂದೇ ಇಲ್ಲ. ಒಂದು ಯೂನಿಯನ್ನಿನ ಪ್ರಧಾನ ಕಾರ್ಯದರ್ಶಿ ಸತ್ತವನ ಕೊಕ್ಕೆಯನ್ನು ಜೀಪಿಗೆ ಹಾಕಿಕೊಂಡು ಹೋಗಿರಬಹುದು ಎಂಬ ಯೋಚನೆ ಯಾರಿಗಾದರೂ ಬರುವುದುಂಟೇ? ನನಗೂ ಬರಲಿಲ್ಲ. ಎಲ್ಲರ ಕಣ್ಣೂ ಪಕ್ಕದ ಗ್ಯಾಂಗಿನ ಹಿರಿಯ ಮಂಜಣ್ಣನ ಮೇಲೆ ಬಿತ್ತು, ಯಾಕೆಂದರೆ ಒಂದು ಲಾರಿಯ ಸರದಿಗಾಗಿ ಅವನಿಗೂ ಹನುಮಣ್ಣನಿಗೂ ದೀಪಾವಳಿಯಲ್ಲಿ ಜಗಳವಾಗಿತ್ತು. ಮಂಜಣ್ಣ ಕೊಟ್ಟೂರೇಶ್ವರನ ಹೊಸ್ತಿಲು ಮುಟ್ಟಿ ಆಣೆ ಮಾಡಿದ. ಮಾವ ನಂಬಲಿಲ್ಲ. ಇಪ್ಪತ್ತು ವರ್ಷ ಒಂದೇ ಕಾಗದದಲ್ಲಿ ಮಂಡಕ್ಕಿ ತಿಂದ ಇಬ್ಬರು, ನನ್ನ ಅಂಗಡಿಗೆ ಒಬ್ಬ ಬಂದರೆ ಇನ್ನೊಬ್ಬ ಎದ್ದು ಹೋಗುವಂತಾಯಿತು. ಶ್ರಮಿಕರ ಐಕ್ಯವೇ ನಮ್ಮ ಉಸಿರು ಎಂದು ನಿಮ್ಮ ಬಾವುಟದ ಮೇಲೆ ಬರೆದಿದೆ. ಆ ಐಕ್ಯವನ್ನು ದಲಾಲಿ ಅಂಗಡಿಯವರು ಇಷ್ಟು ವರ್ಷ ಮುರಿಯಲು ನೋಡಿ ಸೋತಿದ್ದರು. ನೀವು ಒಂದು ಪ್ಲೇಟು ಮಿರ್ಚಿ ತಿನ್ನುವಷ್ಟರಲ್ಲಿ ಮುರಿದು ಹೋದಿರಿ. ತಮ್ಮ ಸಾಮರ್ಥ್ಯಕ್ಕೆ ನಮಸ್ಕಾರ.

ಹೋದ ತಿಂಗಳ ಕೊನೆಗೆ ನಿಮ್ಮ ಮಾಸಪತ್ರಿಕೆಯ ಕಟ್ಟು ಎಂದಿನಂತೆ ಬಸ್ಸಿನಲ್ಲಿ ಬಂದು ನನ್ನ ಅಂಗಡಿಯಲ್ಲಿ ಇಳಿಯಿತು. ಎಲ್ಲರೂ ಒಂದೊಂದು ತೆಗೆದುಕೊಂಡರು. ಒಳಪುಟದಲ್ಲಿ ನಮ್ಮ ಬೇವಿನ ಕಟ್ಟೆ! ಕೆಳಗೆ ಬರಹ: 'ನೆಚ್ಚಿನ ನಾಯಕನ ಪಾದಕ್ಕೆ ದುಡಿಮೆಯ ಆಯುಧ ಅರ್ಪಿಸಿದ ಹಮಾಲರು.' ನೀಲಗುಂದದಿಂದ ಮಗಳ ಮನೆಗೆ ಬಂದಿದ್ದ ಪಾಲಮ್ಮ ಅಕ್ಷರ ಬಾರದವಳು, ಫೋಟೋವನ್ನಷ್ಟೇ ನೋಡಿದಳು. ಟವೆಲ್ಲು, ದೀಪ, ಸುತ್ತ ಕೊಕ್ಕೆ, ಹಿಂದೆ ನಗುವ ಮುಖ. "ಅಯ್ಯ, ಈ ಯಜಮಾನ್ರು ಯಾವಾಗ ತೀರ್ಕೊಂಡ್ರು? ಮುಖದಾಗ ಎಷ್ಟು ಕಳಿ ಐತಿ ನೋಡವ್ವ," ಅಂದಳು. ಯಾರ್ಡಿನಲ್ಲಿ ಬಹಳ ದಿನಗಳ ಮೇಲೆ ಜನ ನಕ್ಕರು. ನಿಮ್ಮ ನಾಯಕರಿಗೆ ನೂರು ವರ್ಷ ಆಯುಷ್ಯವಾಗಲಿ, ನಮ್ಮ ಕಡೆ ಆ ಫೋಟೋವನ್ನು ಮಾತ್ರ ಹಂಚಬೇಡಿ. ಹಂಚಿದಲ್ಲೆಲ್ಲ ಜನ ಸ್ನಾನ ಮಾಡಿ ಬರುತ್ತಾರೆ.

ನಗು ನಿಂತದ್ದು ಮುಂದಿನ ಪುಟ ತಿರುವಿದಾಗ. ದಿಲ್ಲಿಯ ಸಮಾವೇಶದ ವೇದಿಕೆ, ಅದರ ಮೇಲೆ ನಾಯಕರು, ಅವರು ಎತ್ತಿ ಹಿಡಿದ ಕೈಯಲ್ಲಿ ಒಂದು ಕೊಕ್ಕೆ, ಪಕ್ಕದಲ್ಲಿ ಮದುವೆಯ ಗಂಡಿನ ತಂದೆಯ ಹಾಗೆ ಬೀಗುತ್ತ ನೀವು. ಹಂಪಕ್ಕ ಹಸನು ಮಾಡುವ ಮೊರ ಬಿಟ್ಟು ಬಂದು ನೋಡಿದಳು. ಕೊಕ್ಕೆಯ ಹಿಡಿಕೆಯ ಮೇಲೆ ಬೆರಳಿಟ್ಟಳು.

"ಇದು ನನ್ನ ಸೀರಿ ಅಂಚು ಅಕ್ಕ," ಅಂದಳು. "ಹಿಡಿಕಿ ಒತ್ತಿ ಅಂಗೈ ಬೊಬ್ಬಿ ಬರ್ತಿದ್ವು ಅಂತ ನಾನ ಸುತ್ತಿ ಹೊಲದು ಕೊಟ್ಟಿದ್ದೆ. ನೋಡು, ರುದ್ರಾಕ್ಷಿ ಅಂಚು."

ಹೌದು, ಫೋಟೋದಲ್ಲಿಯೂ ಅಂಚು ಕಾಣುತ್ತಿತ್ತು. ಗಂಡನ ಅಂಗೈಗೆ ಮೆತ್ತಗಿರಲಿ ಎಂದು ಹೆಂಡತಿ ಸುತ್ತಿದ ಸೀರೆಯ ಅಂಚನ್ನು ಹಿಡಿದುಕೊಂಡು ದಿಲ್ಲಿಯಲ್ಲಿ ಒಬ್ಬರು ಚಪ್ಪಾಳೆ ಗಿಟ್ಟಿಸಿದರು. ನನಗೆ ಆಗ ಬಂದದ್ದು ಸಿಟ್ಟಲ್ಲ, ಅಸಹ್ಯ. ಮಾವ ಎದ್ದು ಮಂಜಣ್ಣನ ಗ್ಯಾಂಗಿನ ಕಡೆ ಹೋದ. ಅಲ್ಲಿ ಎಲ್ಲರ ಮುಂದೆ ಅವನ ಕೈ ಹಿಡಿದುಕೊಂಡು ನಿಂತ. ಅಷ್ಟು ದೊಡ್ಡ ಆಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರಿಬ್ಬರ ನಡುವಿನದು ಸರಿಹೋಯಿತು. ತಾವು ಮಾಡಿದ್ದರಲ್ಲಿ ತಾನಾಗಿ ಸರಿಹೋದದ್ದು ಅದೊಂದೇ.

ಮರುದಿನ ಎಸ್‌ಟಿಡಿ ಬೂತಿನಿಂದ ತಮಗೆ ಫೋನು ಮಾಡಿದೆ. ಹಂಪಕ್ಕ ಪಕ್ಕದಲ್ಲೇ ನಿಂತಿದ್ದಳು. ನೀವು ಹೇಳಿದಿರಿ: "ನೋಡಮ್ಮಾ, ಅದು ಈಗ ಇಡೀ ದೇಶದ ಶ್ರಮಿಕರ ಆಸ್ತಿ. ಕೇಂದ್ರ ಕಚೇರಿಯೊಳಗ ಗಾಜಿನ ಪೆಟ್ಟಿಗಿಯಾಗ ಇಟ್ಟಾರ. ಕೊಕ್ಕಿಗೇನು ಬರಗಾಲ? ಕಮ್ಮಾರನ ಕಡೆ ಹೋಗಿ ಹೊಸದೊಂದು ಬಡಿಸಿಕೊಳ್ರಿ." ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂಬ ಗಾದೆಯನ್ನು ಕೇಳಿದ್ದೆ. ಯಾರದೋ ಗಂಡನ ಕೊಕ್ಕೆಯಲ್ಲಿ ದಿಲ್ಲಿ ಜಾತ್ರೆ ಮಾಡುವವರನ್ನು ಅವತ್ತು ಕೇಳಿಸಿಕೊಂಡೆ.

ಹೊಸ ಕೊಕ್ಕೆ! ಸ್ವಾಮೀ, ಹಮಾಲರ ಯೂನಿಯನ್ನಿನ ಪ್ರಧಾನ ಕಾರ್ಯದರ್ಶಿಯ ಬಾಯಲ್ಲಿ ಬರಬಾರದ ಎರಡು ಶಬ್ದಗಳಿದ್ದರೆ ಅವು ಇವೇ. ಆರೇಳು ವರ್ಷದ ಹಿಂದೆ ಚೀಲದ ತೂಕ ಇಳಿಸಬೇಕು, ಕ್ವಿಂಟಾಲು ಚೀಲ ಹೊತ್ತು ಬೆನ್ನು ಮುರಿಯುತ್ತದೆ ಎಂದು ನಮ್ಮವರು ಮುಷ್ಕರ ಹೂಡಿದ್ದರು. ಆಗ ದಲಾಲಿ ಅಂಗಡಿಯವರು ಹೊರಗಿನಿಂದ ಆಳು ತಂದರು. ಆ ಆಳುಗಳ ಸೊಂಟದಲ್ಲಿ ಹೊಸ ಕೊಕ್ಕೆ, ಕುಲುಮೆಯ ಮಸಿ ಇನ್ನೂ ಹೋಗಿರಲಿಲ್ಲ. ಆವತ್ತಿನಿಂದ ನಮ್ಮ ಯಾರ್ಡಿನಲ್ಲಿ 'ಹೊಸ ಕೊಕ್ಕೆಯವನು' ಎಂದರೆ ಬೈಗುಳ. ಕೊಕ್ಕೆ ಮುರಿದರೂ ಹಳೆಯ ಹಿಡಿಕೆಗೇ ಮೊನೆ ಬೆಸುಗೆ ಹಾಕಿಸುತ್ತಾರೆ ಹೊರತು ಹೊಸದನ್ನು ಮಾಡಿಸುವುದಿಲ್ಲ. ಹೊಸದನ್ನು ಹಿಡಿದು ಬಂದವನನ್ನು ಒಳಗೆ ಬಿಟ್ಟುಕೊಂಡರೆ ನಾಳೆ ಸಾಹುಕಾರರು ಕಳಿಸಿದವನನ್ನು ಯಾವ ಬಾಯಿಂದ ತಡೆಯುವುದು? ಈ ಕಟ್ಟುಪಾಡು ಹುಟ್ಟಿದ್ದೇ ಮುಷ್ಕರದ ಹೊಟ್ಟೆಯಿಂದ. ಅಂದಹಾಗೆ ಆ ಮುಷ್ಕರಕ್ಕೆ ನಿಮ್ಮ ಕಚೇರಿಯೂ ಬೆಂಬಲ ಸೂಚಿಸಿತ್ತು. ಮುಷ್ಕರ ಮುಗಿದ ಮೇಲೆ.

ಈಗ ಬೆಂಬಲದ ಮಾತಿಗೆ ಬರೋಣ. ನೀವು ಕೇಳಿದ್ದು ಯಾರನ್ನು? ಜನ ಮಣ್ಣಿಗೆ ಹೋಗಿದ್ದರು, ನೀವು ಕಬ್ಬಿಣವನ್ನು ಕೇಳಿದಿರಿ. ಅದು ಬೇಡ ಎನ್ನಲಿಲ್ಲ, ಒಮ್ಮತ ಎಂದು ಬರೆದುಕೊಂಡಿರಿ. ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿ ವರ್ಷಗಳೇ ಆದವು. ನಿಮ್ಮ ಕಚೇರಿಯ ಗೋಡೆಯ ನಕಾಶೆಗೆ ಅದಿನ್ನೂ ತಿಳಿದಿಲ್ಲ. ಅಲ್ಲಿಯ ಹಮಾಲರು ಈ ನಾಯಕರ ಪರ ಎಂದು ನೀವು ಸಾರಿದ ಸಮಾವೇಶದಲ್ಲೇ, ಅದೇ ಹಮಾಲರು ಎದುರಾಳಿಯ ಪರ ಎಂದು ಆಚೆ ಜಿಲ್ಲೆಯವರು ಸಾರಿದರಂತೆ. ಅವರದೂ ಒಮ್ಮತವೇ. ಹರಪನಹಳ್ಳಿಯ ಹಮಾಲರೊಬ್ಬರು ಮೊನ್ನೆ ಲಾರಿಯ ಜೊತೆ ಬಂದಾಗ ಕೇಳಿದೆ, ನೀವು ಯಾರ ಕಡೆ ಎಂದು. "ನಮಗ ಈ ಸುದ್ದೀನೇ ಗೊತ್ತಿಲ್ಲಕ್ಕ, ಯಾರ್ಯಾರು ನಿಂತಾರ?" ಎಂದು ನನ್ನನ್ನೇ ಕೇಳಿದರು. ಹಡಗಲಿಯಲ್ಲಿ ನಿಮ್ಮ ಶಾಖೆಯ ಬೋರ್ಡು ನೀರಿನ ತೊಟ್ಟಿಗೆ ಮುಚ್ಚಳವಾಗಿದೆ ಎಂದು ಕೇಳಿದ್ದೇನೆ. ಒಳ್ಳೆಯದು, ಅಷ್ಟಾದರೂ ಉಪಯೋಗಕ್ಕೆ ಬಂತು.

ನಮ್ಮವರಿಗೆ ಒಬ್ಬರನ್ನು ಆರಿಸುವುದು ಗೊತ್ತಿಲ್ಲ ಎಂದುಕೊಳ್ಳಬೇಡಿ. ಮಾವ ಗ್ಯಾಂಗಿನ ಹಿರಿಯನಾದದ್ದು ನನ್ನ ಅಂಗಡಿಯ ಬೆಂಚಿನ ಮೇಲೆಯೇ. ಎಷ್ಟು ದಿನ ಜಗಳ ಆಡಿದರೆಂದರೆ ನನಗೇ ಸಾಕಾಗಿ ಒಲೆ ಆರಿಸಿದ್ದೆ. ಕೂಲಿ ಹಂಚುವಾಗ ಯಾರ ಕೈ ನೆಟ್ಟಗಿರುತ್ತದೆ, ವಯಸ್ಸಾದವನ ಬೆನ್ನಿಗೆ ಯಾರು ಹಗುರ ಚೀಲ ಕೊಡುತ್ತಾನೆ, ಸಾಹುಕಾರನ ಮುಂದೆ ಯಾರಿಗೆ ಬಾಯಿ ಬರುತ್ತದೆ, ಎಲ್ಲ ಮಾತಾಯಿತು. ಆವತ್ತು ಎದುರಿಗೇ ನಿಂತು, "ನಿನಗ ಸಿಟ್ಟು ಜಾಸ್ತಿ ಜಂಬಯ್ಯಣ್ಣ, ನೀ ಬ್ಯಾಡ," ಎಂದವನು ಇದೇ ಹನುಮಣ್ಣ. ಅವನ ಸಿಟ್ಟೇನು ಕಡಿಮೆಯದಲ್ಲ, ಆದರೂ ಹೇಳಿದ! ಮಾವ ಎಲ್ಲರ ಮುಂದೆ ಅದನ್ನು ಒಪ್ಪಿಕೊಂಡು, ಕಡಿಮೆ ಮಾಡಿಕೊಳ್ಳುತ್ತೇನೆ ಎಂದ ಮೇಲೆಯೇ ಅವನು ಹೂಂ ಅಂದದ್ದು. ಬದುಕಿದ್ದಾಗ ಜೊತೆಯಲ್ಲೇ ದುಡಿಯುವವನಿಗೆ ಅಷ್ಟು ಸುಲಭವಾಗಿ ಒಪ್ಪಿಗೆ ಕೊಡದ ಮನುಷ್ಯ, ಸತ್ತ ದಿನವೇ ಎದ್ದು ಬಂದು ಮುಖ ನೋಡದವರೊಬ್ಬರನ್ನು ದೇಶದ ಅಧ್ಯಕ್ಷರನ್ನಾಗಿ ಮಾಡಿಬಿಟ್ಟನೇ? ನಮಗೂ ದಿಲ್ಲಿಯಲ್ಲಿ ಒಬ್ಬರು ಬೇಕು. ಚೀಲದ ತೂಕದ ಮಾತನ್ನು ಕೊಟ್ಟೂರಿನಲ್ಲಿ ಕೂಗಿದರೆ ಕೊಟ್ಟೂರಿಗಷ್ಟೇ ಕೇಳುತ್ತದೆ ಎಂದು ನಮಗೂ ಗೊತ್ತು. ಆದರೆ ನಿಮ್ಮ ಪತ್ರಿಕೆಯಲ್ಲಿ ಬಂದ ನಾಯಕರ ಭಾಷಣವನ್ನು ಮಂಡಕ್ಕಿ ಕಟ್ಟುವ ಮೊದಲು ಪೂರ್ತಿ ಓದಿದೆ. ಜಾಗತೀಕರಣ ಇದೆ, ಖಾಸಗೀಕರಣ ಇದೆ, ಇನ್ನೂ ಎಷ್ಟೋ ಕರಣಗಳಿವೆ. ಚೀಲ ಎಂಬ ಒಂದು ಶಬ್ದ ಇಲ್ಲ.

ಇರಲಿ, ನಾಯಕರು ಗೆಲ್ಲಲಿ ಸೋಲಲಿ, ಹಂಪಕ್ಕನ ಮಾತು ಕೇಳಿ. ಗಂಡನ ಜಾಗಕ್ಕೆ ಅವಳು ತೋರಿಸಿರುವುದು ತನ್ನ ತಮ್ಮ ಮಾರೇಶನನ್ನು. ಹೊಳೆದಂಡೆಯ ಮಾಗಳದಲ್ಲಿ ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಮಾಡುವವನು, ಅಕ್ಕನ ಮನೆಯಲ್ಲಿದ್ದು ಮನೆ ನಡೆಸುತ್ತೇನೆಂದು ಬಂದಿದ್ದಾನೆ. ದಿನಕರ್ಮ ಮುಗಿಯಿತು. ಕಟ್ಟೆಗೆ ಎಲ್ಲರೂ ಕೂಡಿದರು. ಕೊಡಲು ಕೊಕ್ಕೆಯೇ ಇಲ್ಲ. ಹಾಗೇ ಸೇರಿಸಿಕೊಂಡರೆ ಆಯಿತಲ್ಲ ಎಂದು ನಾನೇ ಕೇಳಿದೆ. ಮಾರೇಶನೇ ಒಪ್ಪಲಿಲ್ಲ. "ನಾಳಿ ಯಾರಾರ ಇವನು ಎಲ್ಲಿಂದ ಬಂದ ಅಂದ್ರ ನಾ ಏನು ತೋರಿಸ್ಲಿ ಅಕ್ಕ? ನಮ್ಮ ಮಾಮನ ಜಾಗಕ್ಕ ಕಳ್ಳನಂಗ ಬರಂಗಿಲ್ಲ," ಅಂದ. ಭಟ್ಟಿಯ ಮಾಲೀಕರು ಯುಗಾದಿಯೊಳಗೆ ಬಂದರೆ ಬಾ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಅವನು ಹೋದರೆ, ಕಾಳು ಹಸನು ಮಾಡಿದ ಕೂಲಿಯೊಂದರಲ್ಲಿ ಮನೆ ನಡೆಯದೆ, ಹಂಪಕ್ಕನೂ ಮಕ್ಕಳನ್ನು ಕಟ್ಟಿಕೊಂಡು ಭಟ್ಟಿಗೆ ಹೋಗಬೇಕು. ಭಟ್ಟಿಯಲ್ಲಿ ಶಾಲೆ ಇಲ್ಲ, ಇಟ್ಟಿಗೆ ಇದೆ. ದೊಡ್ಡ ಹುಡುಗಿ ಈಗಲೇ ಪಾಟಿಚೀಲವನ್ನು ತಬ್ಬಿಕೊಂಡು ಮಲಗುತ್ತಾಳೆ ಎಂದು ಹಂಪಕ್ಕ ನನ್ನ ಮುಂದೆ ಅತ್ತಳು. ಹನುಮಣ್ಣನ ಜಾಗಕ್ಕೆ ಗ್ಯಾಂಗಿನವರು ಇನ್ನೂ ಯಾರನ್ನೂ ಹಚ್ಚಿಲ್ಲ. ಅವನ ಪಾಲಿನ ಚೀಲವನ್ನು ತಾವೇ ಸರದಿಯಲ್ಲಿ ಹೊರುತ್ತಿದ್ದಾರೆ. ಆದರೆ ಮೆಕ್ಕೆಜೋಳದ ಲಾರಿಗಳು ಸಾಲುಗಟ್ಟಿವೆ, ಎಷ್ಟು ದಿನ ಹೊರುತ್ತಾರೆ?

ಆದ್ದರಿಂದ ಯುಗಾದಿಯೊಳಗೆ ಕೊಕ್ಕೆ ಬರಬೇಕು. ಪೋಸ್ಟಿನಲ್ಲಿ ಬೇಡ, ಡ್ರೈವರನ ಕೈಯಲ್ಲಿ ಬೇಡ. ಒಯ್ದವರು ನೀವು, ತರಬೇಕಾದವರೂ ನೀವು. ಅದೇ ಕಟ್ಟೆಯ ಮೇಲೆ, ಎಲ್ಲ ಗ್ಯಾಂಗುಗಳ ಮುಂದೆ, ಹಂಪಕ್ಕನ ಕೈಗೆ ಕೊಡಬೇಕು. ಈ ಸಾರಿ ಫೋಟೋ ಹೊಡೆಸುವಂತಿಲ್ಲ. ಗಾಜಿನ ಪೆಟ್ಟಿಗೆ ಖಾಲಿಯಾಗುತ್ತದೆ ಎಂಬ ಚಿಂತೆಯಿದ್ದರೆ ಅದರಲ್ಲಿ ಕಮ್ಮಾರ ಬಡಿದ ಹೊಸ ಕೊಕ್ಕೆಯೊಂದನ್ನು ಇಡಿಸಿ. ನಿಮ್ಮ ಕಚೇರಿಗೆ ಅದೇ ಸರಿಯಾಗಿ ಹೊಂದುತ್ತದೆ.

ಕೊಡುವುದಿಲ್ಲ ಎನ್ನುವುದಾದರೆ ಯಾರ್ಡಿನ ಕಟ್ಟುಪಾಡನ್ನು ಇನ್ನೊಮ್ಮೆ ನೆನಪಿಸುತ್ತೇನೆ. ಮನೆಯವರು ಕೊಡುವ ಮೊದಲು ಸತ್ತವನ ಕೊಕ್ಕೆಯನ್ನು ಎತ್ತಿ ಹಿಡಿದವನು ಆ ಜಾಗಕ್ಕೆ ಬಂದಂತೆ. ನಿಮ್ಮ ನಾಯಕರು ಅದನ್ನು ಸಾವಿರಾರು ಜನರ ಮುಂದೆ ಎತ್ತಿ ಹಿಡಿದಿದ್ದಾರೆ, ನಿಮ್ಮದೇ ಪತ್ರಿಕೆ ಅದಕ್ಕೆ ಸಾಕ್ಷಿ. ಮೊನ್ನೆ ಕಟ್ಟೆಯ ಮೇಲೆ ಇದೇ ವಿಚಾರಕ್ಕೆ ಮಾತಾಗಿ, ಮಾವನೂ ಮಂಜಣ್ಣನೂ ಸೇರಿ ಒಪ್ಪಿದರು: ಅವರು ಮಹಾಮಂಡಲಕ್ಕೆ ಆಯ್ಕೆಯಾಗುತ್ತಾರೋ ಇಲ್ಲವೋ ಗೊತ್ತಿಲ್ಲ, ಕೊಟ್ಟೂರಿನ ಯಾರ್ಡಿಗಂತೂ ಜಂಬಯ್ಯನ ಗ್ಯಾಂಗಿನ ಹಮಾಲರಾಗಿ ಆಯ್ಕೆಯಾಗಿದ್ದಾರೆ. ಇದು ನಿಜವಾದ ಒಮ್ಮತ, ಇದಕ್ಕೆ ನಾನೇ ಸಾಕ್ಷಿ. ಬರಹೇಳಿ. ಹನುಮಣ್ಣನ ಪಾಲಿನ ಚೀಲಗಳು ಕಾಯುತ್ತಿವೆ, ಒಂದೊಂದೂ ಇನ್ನೂ ಕ್ವಿಂಟಾಲೇ. ನಾವೆಲ್ಲ ಇದಕ್ಕೆ ನಕ್ಕೆವು. ಹಂಪಕ್ಕ ನಗಲಿಲ್ಲ. ಮಡಿಸಿ ಇಟ್ಟುಕೊಂಡಿದ್ದ ಗಂಡನ ಟವೆಲ್ಲನ್ನು ತೊಡೆಯ ಮೇಲೆ ಬಿಡಿಸಿಕೊಂಡು ಕುಳಿತಿದ್ದವಳು ಇಷ್ಟೇ ಹೇಳಿದಳು:

"ಬರೋದಾದ್ರ ಬರ್ಲಿ ಅಕ್ಕ. ಹೆಗಲಿಗೆ ಹಾಕ್ಕೊಳ್ಳಾಕ ಇದನ್ನ ನಾನ ಕೊಡ್ತೀನಿ. ಸಂಜಿತನಕ ಹೊತ್ತ ಮ್ಯಾಲೆ ಅವರಿಗೇ ಗೊತ್ತಾಕ್ಕತಿ, ಆ ಹಿಡಿಕಿಗೆ ನಾ ಯಾಕ ಸೀರಿ ಸುತ್ತಿದ್ದೆ ಅಂತ."

ಇಂತಿ,
ಯಾವ ಶಾಖೆಗೂ ಸೇರದ, ಆದ್ದರಿಂದ ಯಾವ ಒಮ್ಮತಕ್ಕೂ ಸಿಗದ,
ನಾಗರತ್ನ
ಮಿರ್ಚಿ ಮಂಡಕ್ಕಿ ಅಂಗಡಿ, ಯಾರ್ಡಿನ ಗೇಟು, ಕೊಟ್ಟೂರು